ಡಾಲರ್ ಆಸೆ ಅಂದುಬಿಟ್ಟರೆ ಮುಗೀತಾ, ಮೇಷ್ಟ್ರೇ?

ದಾವಣಗೆರೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಏಳು ಪುಟದ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಮಸ್ಕತ್‌ನ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಅಡುಗೆಯವರ ಬಗ್ಗೆ ಲೇಖನ ಬಂದಿತ್ತಲ್ಲ, ಅದನ್ನು ಓದಿ ಅವರಿಗೆ ಸಿಟ್ಟು ಬಂದಿದೆ. ಏಳು ಪುಟಕ್ಕೆ ಜಾಗವಿಲ್ಲ. ಮುಖ್ಯವಾದ ನಾಲ್ಕು ಸಾಲು ಕೊಡುತ್ತೇನೆ:

"ನಮ್ಮ ಬೀದಿಯಲ್ಲಿ ಇಪ್ಪತ್ತೆರಡು ಮನೆ. ಒಂಬತ್ತರಲ್ಲಿ ಮುದುಕ ಮುದುಕಿ ಬಿಟ್ಟರೆ ಬೇರೆ ಜನವಿಲ್ಲ. ಮಕ್ಕಳೆಲ್ಲ ಡಾಲರ್ ಆಸೆಗೆ ಹಾರಿಹೋದರು. ಇಲ್ಲಿನ ಅನ್ನ ತಿಂದು, ಇಲ್ಲಿ ಓದಿ, ದುಡಿಯುವ ವಯಸ್ಸಿಗೆ ಪರದೇಶ ಸೇರುವವರನ್ನು ನಿಮ್ಮ ಪತ್ರಿಕೆ ಹೊಗಳುವುದು ಸರಿಯಾ? ನಾನೂ ಮಕ್ಕಳ ಓದಿಗೋಸ್ಕರ ಹರಪನಹಳ್ಳಿ ಕಡೆಯ ಹಳ್ಳಿ ಬಿಟ್ಟು ದಾವಣಗೆರೆಗೆ ಬಂದವನೇ. ಆದರೆ ದೇಶ ಬಿಡಲಿಲ್ಲ."

ಮೇಷ್ಟ್ರೇ, ಮೊದಲು ನಿಮ್ಮ ಅಕ್ಷರಕ್ಕೆ ನಮಸ್ಕಾರ. ಇಂಥ ದುಂಡು ಅಕ್ಷರ ನೋಡಿ ಎಷ್ಟೋ ದಿನ ಆಗಿತ್ತು. ಒಂಬತ್ತು ಮನೆಗಳ ಮಾತು ಸುಳ್ಳಲ್ಲ. ಅಪ್ಪನಿಗೆ ಕೊಳ್ಳಿ ಇಡುವುದನ್ನು ಮಗ ಫೋನಿನಲ್ಲಿ ನೋಡಿದ ಮನೆಗೆ ನಾನೂ ಹೋಗಿ ಕೂತು ಬಂದಿದ್ದೇನೆ. ಆ ನೋವನ್ನು ಸಣ್ಣದು ಅನ್ನುವುದಿಲ್ಲ.

ಆದರೆ ಆ ಕೊನೆಯ ಎರಡು ಸಾಲು ಇದೆಯಲ್ಲ, ಅಲ್ಲಿ ನೀವೇ ಸಿಕ್ಕಿಬಿದ್ದಿರಿ. ಮಕ್ಕಳ ಓದಿಗೆ ಊರು ಬಿಟ್ಟೆ ಅಂತೀರಿ. ಜಗತ್ತಿನ ಎಷ್ಟೋ ಜನ ಊರು ಬಿಡುವುದೂ ಹೆಚ್ಚುಕಡಿಮೆ ಅಂಥದ್ದಕ್ಕೇ. ನಿಮ್ಮದು ಬಸ್ ಚಾರ್ಜಲ್ಲಿ ಮುಗಿಯಿತು, ಅವರದ್ದಕ್ಕೆ ವೀಸಾ ಬೇಕಾಯಿತು, ಅಷ್ಟೇ. (ನಿಮ್ಮ ಹರಪನಹಳ್ಳಿಯೂ ಕಮ್ಮಿ ಇಲ್ಲ ಬಿಡಿ. ಬಳ್ಳಾರಿಯಿಂದ ದಾವಣಗೆರೆಗೆ, ಅಲ್ಲಿಂದ ಮತ್ತೆ ಬಳ್ಳಾರಿಗೆ, ಈಗ ವಿಜಯನಗರ ಜಿಲ್ಲೆಗೆ. ಕೂತಲ್ಲೇ ಮೂರು ಸಲ ವಲಸೆ ಹೋದ ತಾಲೂಕು ಅದು.)

ರಾವೆನ್‌ಸ್ಟೈನ್ ಅಂತ ಒಬ್ಬ ಭೂಗೋಳದ ಪಂಡಿತ. ಇಂಗ್ಲೆಂಡಿನ ಜನಗಣತಿ ಲೆಕ್ಕ ಮುಂದಿಟ್ಟುಕೊಂಡು 1885ರಲ್ಲಿ ವಲಸೆಯ ನಿಯಮಗಳು ಅಂತ ಬರೆದ. ಬಹಳ ಜನ ಹೋಗುವುದು ಹತ್ತಿರಕ್ಕೇ, ದೂರ ಹೋಗುವವರು ಕಮ್ಮಿ, ಹತ್ತಿರದ ಊರಿಗೆ ಹೋಗುವವರಲ್ಲಿ ಗಂಡಸರಿಗಿಂತ ಹೆಂಗಸರೇ ಜಾಸ್ತಿ, ಅಂತ ಅವನ ಲೆಕ್ಕ. ಈಗಲೂ ಅದು ಹೆಚ್ಚೇನೂ ಬದಲಾಗಿಲ್ಲ. ನಮ್ಮ 2011ರ ಜನಗಣತಿ ತೆಗೆದು ನೋಡಿ. ದೇಶದೊಳಗೇ ಜಾಗ ಬದಲಿಸಿದವರು ಸುಮಾರು 45 ಕೋಟಿ, ಅವರಲ್ಲಿ ಅರ್ಧದ ಹತ್ತಿರ ಮದುವೆಯಾಗಿ ಗಂಡನ ಮನೆಗೆ ಹೋದ ಹೆಣ್ಣುಮಕ್ಕಳು. ಹುಟ್ಟಿದ ಮನೆ, ಬಾವಿ, ಗೆಳತಿಯರು ಎಲ್ಲ ಬಿಟ್ಟು ಹೋದ ಅವರಿಗೆ 'ಇಲ್ಲಿನ ಅನ್ನ ತಿಂದು ಹೋದೆಯಲ್ಲ' ಅಂತ ಯಾರಾದರೂ ಅಂದಿದ್ದುಂಟಾ?

ಇನ್ನು ಪರದೇಶಕ್ಕೆ ಹೋದವರು. ವಿಶ್ವಸಂಸ್ಥೆಯ 2024ರ ಲೆಕ್ಕದಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆಡೆ ಇರುವವರು ಸುಮಾರು 30.4 ಕೋಟಿ. ಭಾರಿ ಸಂಖ್ಯೆ ಅನಿಸುತ್ತದೆ, ಅಲ್ವಾ? ಜಗತ್ತಿನ ಜನಸಂಖ್ಯೆಯಲ್ಲಿ ಅದು ನೂರಕ್ಕೆ ನಾಲ್ಕೂ ಇಲ್ಲ. ಮಿಕ್ಕ ತೊಂಬತ್ತಾರು ಮಂದಿ ಹುಟ್ಟಿದ ದೇಶದಲ್ಲೇ ಇದ್ದಾರೆ, ಮೇಷ್ಟ್ರೇ. ಇನ್ನು ಡಾಲರ್ ಅಂದಿರಿ. ಅಮೆರಿಕದ ಎಚ್-1ಬಿ ಅನ್ನುವ ಕೆಲಸದ ವೀಸಾ ಖಾಸಗಿ ಕಂಪನಿಗಳಿಗೆ ವರ್ಷಕ್ಕೆ ಹೊಸದಾಗಿ ಸಿಗುವುದು 85,000, ಅದೂ ಲಾಟರಿ ಎತ್ತಿ. ಅತ್ತ ಆರು ಗಲ್ಫ್ ದೇಶಗಳಲ್ಲಿ ಭಾರತೀಯರು ಸುಮಾರು 90 ಲಕ್ಷ. ಡಾಲರ್ ಅಲ್ಲ, ದಿರ್ಹಮ್, ರಿಯಾಲ್. ಗಾರೆ ಕೆಲಸ, ಡ್ರೈವರ್ ಕೆಲಸ, ಅಡುಗೆ, ನರ್ಸಿಂಗ್.

ನಮ್ಮ ಮನೆ ಕತೆಯನ್ನೇ ಹೇಳುತ್ತೇನೆ. ನಮ್ಮ ಚಿಕ್ಕಜ್ಜ ಕುಂದಾಪುರ ಕಡೆಯವರು. ಗೇಣಿ ಭತ್ತ ಅಳೆದು ಧಣಿಗಳ ಮನೆಗೆ ಹೊತ್ತುಹಾಕಿದ ಮೇಲೆ ಮಳೆಗಾಲ ದಾಟುವಷ್ಟು ಅಕ್ಕಿ ಉಳಿಯುತ್ತಿರಲಿಲ್ಲ. ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಹೋದರು. ಹಗಲು ಹೋಟೆಲಲ್ಲಿ ಲೋಟ ತೊಳೆಯುವುದು, ರಾತ್ರಿ ಕನ್ನಡ ಶಾಲೆ. ಎಂಬತ್ತು ದಾಟಿದ ಮೇಲೂ ಬೆರಳು ಬೆರಳಿನ ಸಂದಿಗೆ ಒಂದೊಂದರಂತೆ ಒಂದೇ ಕೈಯಲ್ಲಿ ನಾಲ್ಕು ಲೋಟ ಎತ್ತಿಕೊಂಡು ಬರುತ್ತಿದ್ದರು, ಮನೆಗೆ ನೆಂಟರು ಬಂದಾಗ. ಮೊಮ್ಮಕ್ಕಳು ನಗುತ್ತಿದ್ದೆವು. ಅವರ ಮಗ ಮುಂಬಯಿಯಿಂದ ಬಹರೇನಿಗೆ ಹೋದರು. ಆ ಮಗನ ಮಗ ಈಗ ಟೊರಾಂಟೊದಲ್ಲಿದ್ದಾನೆ. ಕುಂದಾಪುರದಿಂದ ಕೆನಡಾಕ್ಕೆ ಮೂರು ತಲೆಮಾರು ಹಿಡಿಯಿತು. ಮೊದಲ ಹೆಜ್ಜೆಯಲ್ಲಿ ಹಸಿವಿತ್ತು, ಎರಡನೆಯದರಲ್ಲಿ 1973ರ ನಂತರ ಏರಿದ ಎಣ್ಣೆಯ ಬೆಲೆ. ಮೂರನೆಯದರಲ್ಲಿ? ಆಸೆ ಇದ್ದಿರಬಹುದು, ಇಲ್ಲ ಅನ್ನುವುದಿಲ್ಲ.

ಆ ಬಹರೇನ್ ದೊಡ್ಡಪ್ಪ ರಜೆಗೆ ಬಂದರೆ ಊರಿಗೇ ಹಬ್ಬ. ಪ್ಲಾಸ್ಟಿಕ್ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಮೇಲೆ ಮಾರ್ಕರ್ ಪೆನ್ನಲ್ಲಿ ದಪ್ಪಗೆ ಹೆಸರು. ಬಿಚ್ಚಿದರೆ ಟ್ಯಾಂಗ್ ಪುಡಿ, ಹಾಲಿನ ಪುಡಿ ಡಬ್ಬಿ, ಕೊಡಲಿ ಮಾರ್ಕಿನ ತಲೆನೋವಿನ ಎಣ್ಣೆ, ಎಲ್ಲದಕ್ಕೂ ಸೆಂಟಿನ ವಾಸನೆ. ವಾಪಸ್ ಹೋಗುವಾಗ ಅದೇ ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ. ದೇಶ ಬಿಟ್ಟವರು ಅಂತೀರಿ. ಹಪ್ಪಳ ಬಿಟ್ಟಿರಲಿಲ್ಲ.

ನಿಮ್ಮದೇ ಜಿಲ್ಲೆಯ ಮಾತು ಹೇಳಲೇ? 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಗುಂಡಿನ ಸದ್ದಿನ ನಡುವೆ ಸಿಕ್ಕಿಕೊಂಡವರಲ್ಲಿ ಹಕ್ಕಿಪಿಕ್ಕಿ ಜನರಿದ್ದರು. ಹುಣಸೂರಿನ ಕಡೆಯವರು, ಶಿವಮೊಗ್ಗದವರು, ನಿಮ್ಮ ಚನ್ನಗಿರಿಯವರು. ಗಿಡಮೂಲಿಕೆ ಔಷಧಿ, ಎಣ್ಣೆ ಮಾರಲು ಹೋಗಿದ್ದರು. ಸುದ್ದಿ ಬಂದಾಗ ಅರ್ಧ ಕರ್ನಾಟಕಕ್ಕೆ ಆಶ್ಚರ್ಯ, ಇವರು ಆಫ್ರಿಕಾಕ್ಕೆ ಹೋಗುತ್ತಾರಾ ಅಂತ. ಹೋಗುತ್ತಾರೆ, ಎಷ್ಟೋ ವರ್ಷದಿಂದ. ಹೆಸರೇ ಹಕ್ಕಿ ಹಿಡಿಯುವವರು ಅಂತ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಆ ಕಸುಬು ಅಪರಾಧವಾಯಿತು. ಕಾಯ್ದೆ ತಪ್ಪು ಅನ್ನುತ್ತಿಲ್ಲ, ಹಕ್ಕಿ ಉಳಿಯಬೇಕು. ಹಕ್ಕಿಯವನು ಏನು ತಿನ್ನಬೇಕು ಅನ್ನುವುದನ್ನು ಮಾತ್ರ ಯಾರೂ ಸರಿಯಾಗಿ ಯೋಚಿಸಲಿಲ್ಲ. ಸಾಲ ಮಾಡಿ, ಟಿಕೆಟ್ ತೆಗೆದು, ಭಾಷೆ ಗೊತ್ತಿಲ್ಲದ ಊರಿನ ಸಂತೆಯಲ್ಲಿ ಎಣ್ಣೆ ಮಾರಿ ಬರುವ ಧೈರ್ಯ ನನಗಂತೂ ಇಲ್ಲ. ಇವರದ್ದು ಡಾಲರ್ ಆಸೆಯಾ?

ಇನ್ನೊಂದು ಮಾತು, ಇದರ ಮೇಲೆ ನನಗೆ ಹಳೆಯ ಸಿಟ್ಟಿದೆ. ರಾಯಚೂರಿನವರು ತಗಡು, ಪಾತ್ರೆ, ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಬಂದರೆ ಅದು 'ಗುಳೆ'. ಕುಂದಾಪುರದ ಹುಡುಗ ದುಬೈಗೆ ಹೋದರೆ 'ಗಲ್ಫ್ ಪಾರ್ಟಿ'. ಇಂಜಿನಿಯರ್ ಹೋದರೆ 'ಎನ್ನಾರೈ', ಅವನಿಗೆ ಶಾಲು, ಹಾರ. ಕಾಲು ಒಂದೇ, ನಡಿಗೆ ಒಂದೇ, ಹೆಸರು ಮಾತ್ರ ಚಪ್ಪಲಿ ನೋಡಿ ಇಡುತ್ತೇವೆ. 2017ರಲ್ಲಿ ಬೆಂಗಳೂರಲ್ಲೇ, ಪರದೇಶದಲ್ಲಿರುವ ಭಾರತೀಯರಿಗೋಸ್ಕರ ಸರ್ಕಾರ ಮಾಡುವ ಪ್ರವಾಸಿ ಭಾರತೀಯ ದಿವಸ ನಡೆಯಿತಲ್ಲ. ನಾನೂ ಹೋಗಿದ್ದೆ. ಸೂಟು ಹಾಕಿದವರನ್ನು ಎಷ್ಟು ಬೇಕಾದರೂ ನೋಡಿದೆ, ಗಾರೆ ಕೆಲಸದವನೊಬ್ಬನೂ ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮ ಪಾಸ್‌ಪೋರ್ಟಲ್ಲೂ ಎರಡು ಜಾತಿ. ಹತ್ತನೇ ಕ್ಲಾಸ್ ಪಾಸಾಗದವನು ಕೆಲಸಕ್ಕೆ ಅಂತ ಗಲ್ಫಿಗೆ ಹೊರಟರೆ ಸರ್ಕಾರದ ಬೇರೆ ಪರವಾನಗಿ ಬೇಕು. ಅವನ ರಕ್ಷಣೆಗೇ ಮಾಡಿದ ನಿಯಮ, ನಿಜ. ಆದರೆ ಅದನ್ನು ತಪ್ಪಿಸಲು ಏಜೆಂಟ್ ಅವನ ಕೈಗೆ ವಿಸಿಟ್ ವೀಸಾ ತುರುಕುತ್ತಾನೆ. ಅಲ್ಲಿ ಸಂಬಳ ಸಿಗದಿದ್ದರೆ ಕೇಳುವುದಕ್ಕೆ ಕಾಗದವೇ ಇರುವುದಿಲ್ಲ.

ದುಡ್ಡು ಮಾತ್ರ ಎಲ್ಲರದ್ದೂ ಬೇಕು. 2022ರಲ್ಲಿ ಹೊರಗಿನವರು ಭಾರತಕ್ಕೆ ಕಳಿಸಿದ್ದು 11,100 ಕೋಟಿ ಡಾಲರ್, ಯಾವ ದೇಶಕ್ಕೂ ಅಷ್ಟು ಹೋಗಿರಲಿಲ್ಲ. ಆಗ ನಮಗೆ ಹೆಮ್ಮೆ.

ಪತ್ರದ ಉಳಿದ ಪುಟಗಳಲ್ಲಿ, ಓದಲು ಪರದೇಶಕ್ಕೆ ಹೋಗುವವರನ್ನೂ ಬೈದಿದ್ದೀರಿ. 2022ರ ಮಾರ್ಚ್ 1ರಂದು ಹಾವೇರಿ ಕಡೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಯುಕ್ರೇನಿನ ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಅಷ್ಟು ದೂರ ಯಾಕೆ ಹೋದ? ಇಲ್ಲಿ ಒಂದು ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಬರೆಯುತ್ತಾರೆ, ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ. ಅದರಲ್ಲಿ ಅರ್ಧದ ಹತ್ತಿರ ಖಾಸಗಿ ಕಾಲೇಜಿನವು. ಆ ಫೀಸು ನಿಮ್ಮ ಪಿಂಚಣಿಯಲ್ಲಿ ಕಟ್ಟಲಾಗುತ್ತಿತ್ತಾ? ನನ್ನ ಸಂಬಳದಲ್ಲಂತೂ ಆಗದು.

ಒಂದು ಕೆಲಸ ಮಾಡಿ ಮೇಷ್ಟ್ರೇ. ಆ ಒಂಬತ್ತು ಮನೆಗಳಿಗೂ ಸಂಜೆ ಹೊತ್ತು ಒಂದು ಸುತ್ತು ಹೋಗಿಬನ್ನಿ. ಮಗ ಯಾಕೆ ಹೋದ, ಹೋಗು ಅಂದವರು ಯಾರು, ಯಾವ ಸಾಲ ತೀರಿತು, ಯಾರ ಮದುವೆ ಆಯಿತು, ಕೇಳಿ ಬರೆದು ಕಳಿಸಿ. ಹಾಕುತ್ತೇವೆ. ಎರಡು ಪುಟ ಸಾಕು, ಮತ್ತು ದಯವಿಟ್ಟು ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ.

— ಸಂಪಾದಕ