ಫಾರ್ಮ್ಯಾಟ್ ಮಾಡೋ ಮೊದಲು ಆ ಲಾಗ್ ಫೈಲ್ ಒಮ್ಮೆ ತೆಗೆದು ನೋಡಿ

ಅನಾಲಿಸಿಸ್ ಸಾಫ್ಟ್‌ವೇರ್ ಕೊನೆಯವರೆಗೂ ಇನ್‌ಸ್ಟಾಲ್ ಆಗಿ ಆಮೇಲೆ ರೋಲ್‌ಬ್ಯಾಕ್ ಆಗುತ್ತೆ (ಹಾಕಿದ್ದನ್ನೆಲ್ಲ ತಾನೇ ಅಳಿಸುತ್ತೆ), 1603 ಅಂತ ಎರರ್ ಬರುತ್ತೆ, ವಿಂಡೋಸ್ ಫಾರ್ಮ್ಯಾಟ್ ಮಾಡಲಾ ಇಲ್ಲಾ ಹೊಸ ಲ್ಯಾಪ್‌ಟಾಪ್ ತಗೊಳ್ಳಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಈ ಪ್ರಶ್ನೆಯನ್ನು ಹೀಗೆಯೇ, ಹೆಚ್ಚುಕಮ್ಮಿ ಇದೇ ಮಾತಿನಲ್ಲಿ, ನಾನು ಕೇಳಿಕೊಂಡು ಹನ್ನೊಂದು ದಿನ ಹಾಳು ಮಾಡಿಕೊಂಡಿದ್ದೇನೆ.

ಕೆಲಸಕ್ಕೆ ಸೇರಿದ ಹೊಸತು. ಒಂದು ಬ್ರ್ಯಾಕೆಟ್ಟಿನ ಸ್ಟ್ರೆಸ್ ಅನಾಲಿಸಿಸ್, ಅಂದರೆ ಭಾರ ಬಿದ್ದರೆ ಅದು ತಡೆಯುತ್ತಾ ಅನ್ನೋ ಲೆಕ್ಕ, ಮಾಡಿ ಕೊಡಬೇಕಿತ್ತು. ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಿದೆ, ಸೆಟಪ್ ಒತ್ತಿದೆ. ಹಸಿರು ಪಟ್ಟಿ ಸರಾಗವಾಗಿ ಮುಂದೆ ಹೋಗಿ, ಇನ್ನೇನು ಮುಗೀತು ಅನ್ನುವಷ್ಟರಲ್ಲಿ ನಿಂತಿತು. ಹತ್ತು ನಿಮಿಷ ನಿಂತೇ ಇತ್ತು. ಆಮೇಲೆ ಹಿಂದಕ್ಕೆ ಹೊರಟಿತು ನೋಡಿ, ಹಾಕಿದ ಫೈಲ್‌ಗಳನ್ನೆಲ್ಲ ಒಂದೊಂದಾಗಿ ಅಳಿಸುತ್ತಾ. ಕೊನೆಗೆ ಒಂದು ಪುಟ್ಟ ಡಬ್ಬಿ, ಅದರಲ್ಲಿ 1603.

ನಾನು ಮಾಡದ ಕೆಲಸ ಇಲ್ಲ. ಆಂಟಿವೈರಸ್ ಆಫ್ ಮಾಡಿದೆ. ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡಿದೆ. ಗ್ರಾಫಿಕ್ಸ್ ಡ್ರೈವರ್ ಬದಲಿಸಿದೆ, ಅದಕ್ಕೂ ಇದಕ್ಕೂ ಏನೂ ಸಂಬಂಧ ಇರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ (ಬೇರೆ ಪ್ರೋಗ್ರಾಂಗಳು ಓಡೋಕೆ ಬೇಕಾದ ಮೈಕ್ರೋಸಾಫ್ಟ್ ಫೈಲ್‌ಗಳ ಕಂತೆ) ಅಂತ 2008, 2010, 2012, 2013 ಎಲ್ಲ ಸಾಲಾಗಿ ಕಂಡವು. ಇಷ್ಟೊಂದು ಯಾಕೆ, ಇವೇ ಒಂದಕ್ಕೊಂದು ಜಗಳ ಆಡ್ತಿರಬೇಕು ಅಂದುಕೊಂಡು ಎಲ್ಲ ಕಿತ್ತು ಹಾಕಿದೆ. ಜಗಳ ಎಲ್ಲಿಂದ ಬಂತು, ಅವು ಅಕ್ಕಪಕ್ಕ ಇರಲೆಂದೇ ಮಾಡಿದವು. ಯಾವ ವರ್ಷದ ಕಂಪೈಲರ್‌ನಲ್ಲಿ ಕಟ್ಟಿದ ಪ್ರೋಗ್ರಾಂಗೆ ಆ ವರ್ಷದ್ದೇ ಬೇಕು, 2015ರಿಂದ ಈಚಿನವು ಮಾತ್ರ ಒಂದೇ ಪ್ಯಾಕೇಜ್ ಹಂಚಿಕೊಳ್ಳುತ್ತವೆ. ಸರಿಯಾಗಿ ನಡೆಯುತ್ತಿದ್ದ ಬೇರೆ ಎರಡು ಪ್ರೋಗ್ರಾಂಗಳೂ ಅವತ್ತೇ ಮಲಗಿದವು. ನೀವು ಇದನ್ನು ಈಗಾಗಲೇ ಮಾಡಿದ್ದರೆ ಮೊದಲು ಅವನ್ನೆಲ್ಲ ವಾಪಸ್ ಹಾಕಿಕೊಳ್ಳಿ.

ಆಮೇಲೆ ಮಾಡಿದ್ದೇ ನಿಜವಾದ ತಪ್ಪು. ಫಾರ್ಮ್ಯಾಟ್.

ಫಾರ್ಮ್ಯಾಟ್ ಮಾಡಿದರೆ ಎಲ್ಲ ಹೊಸದಾಗುತ್ತದೆ ಅನ್ನೋ ನಂಬಿಕೆ ನಮ್ಮೆಲ್ಲರಿಗೂ ಇದೆ. ನಾನು ಮಾಡಿದ್ದೇನು ಅಂತ ಬಿಡಿಸಿ ಹೇಳುತ್ತೇನೆ ಕೇಳಿ. ವಿಂಡೋಸ್ ಹೊಸದಾಗಿ ಹಾಕಿದೆ. ಅದು ಬಳಕೆದಾರನ ಹೆಸರು ಕೇಳಿತು, ಕೊಟ್ಟೆ. ಸಾಫ್ಟ್‌ವೇರ್ ಹಾಕಿದೆ, 1603. ಮತ್ತೆ ಫಾರ್ಮ್ಯಾಟ್. ಮತ್ತೆ ಹೆಸರು ಕೇಳಿತು, ಮತ್ತೆ ಅದೇ ಹೆಸರು ಕೊಟ್ಟೆ. 1603. ಮೂರನೇ ಸಲವೂ ಅಷ್ಟೇ. ಖಾಯಿಲೆಯನ್ನು ಪ್ರತಿ ಸಲವೂ ನನ್ನ ಕೈಯಾರೆ ಟೈಪ್ ಮಾಡಿ ಒಳಗೆ ಕೂರಿಸುತ್ತಿದ್ದೆ. ಅದು ಏನು ಅಂತ ಬರೆದಿಟ್ಟಿದ್ದ ಒಂದೇ ಒಂದು ಕಾಗದವನ್ನು, ಅಂದರೆ ಲಾಗ್ ಫೈಲನ್ನು, ಪ್ರತಿ ಸಲವೂ ನಾನೇ ಅಳಿಸುತ್ತಿದ್ದೆ. ಇದರ ಜೊತೆಗೆ ಇನ್ನೊಂದು ನಷ್ಟ: ಅದೇ ಮಷೀನಿನಲ್ಲಿ ಬೇರೊಂದು ಟೂಲ್ ಇತ್ತು, ಅದರ ಲೈಸೆನ್ಸ್ ಎರಡು ಆಕ್ಟಿವೇಶನ್‌ಗೆ ಮಾತ್ರ. ಫಾರ್ಮ್ಯಾಟ್ ಮಾಡುವ ಮುಂಚೆ ಡೀಆಕ್ಟಿವೇಟ್ ಮಾಡಬೇಕು ಅನ್ನೋದು ತಲೆಗೇ ಹೊಳೆಯಲಿಲ್ಲ. ಎರಡೂ ಮುಗಿದವು. ಲೈಸೆನ್ಸ್ ಕೊಟ್ಟವರಿಗೆ ಮೇಲ್ ಬರೆದು ಬಿಡಿಸಿಕೊಳ್ಳೋಕೆ ನಾಲ್ಕು ದಿನ ಹೋಯಿತು.

ಕೊನೆಗೆ ಸೀನಿಯರ್ ಒಬ್ಬರು ಹಿಂದೆ ಬಂದು ನಿಂತು ಕೇಳಿದರು, "ಲಾಗ್‌ನಲ್ಲಿ ಏನಿದೆಯೋ?"

"ಯಾವ ಲಾಗ್ ಸರ್?"

ಅವರು ಏನೂ ಅನ್ನಲಿಲ್ಲ. ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ ಟೆಂಪ್ (temp) ಅಂತ ಇಂಗ್ಲಿಷಿನಲ್ಲಿ ಬರೆದು ಎಂಟರ್ ಹೊಡೆದರು. ಫೋಲ್ಡರ್ ತೆರೆಯಿತು. ದಿನಾಂಕದ ಪ್ರಕಾರ ಜೋಡಿಸಿ, ಎಲ್ಲಕ್ಕಿಂತ ದಪ್ಪಗಿದ್ದ ಲಾಗ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆಗೆದು, "ರಿಟರ್ನ್ ವ್ಯಾಲ್ಯೂ 3" ಅಂತ ಇಂಗ್ಲಿಷಿನಲ್ಲಿ ಹುಡುಕಿದರು. ವಿಂಡೋಸ್ ಇನ್‌ಸ್ಟಾಲರ್ ಯಾವ ಹೆಜ್ಜೆಯಲ್ಲಿ ಎಡವಿತೋ ಅದರ ಕೊನೆಯಲ್ಲಿ ಈ ಮಾತು ಬರೆದಿರುತ್ತದೆ. ಹಲವು ಕಡೆ ಸಿಕ್ಕರೆ ಮೊದಲನೆಯದನ್ನು ಹಿಡಿಯಿರಿ, ಉಳಿದವು ಆ ಎಡವಿದ್ದರ ಪ್ರತಿಧ್ವನಿ. ಓದಬೇಕಾದ್ದು ಅದರ ಮೇಲಿನ ಹತ್ತಿಪ್ಪತ್ತು ಸಾಲು.

ನನ್ನ ಲಾಗ್‌ನಲ್ಲಿ ಆ ಸಾಲುಗಳಲ್ಲಿ ಒಂದು ಪಾತ್ ಇತ್ತು. ಸಿ ಡ್ರೈವ್, ಯೂಸರ್ಸ್, ಆಮೇಲೆ ?????????. ಎಣಿಸಿದೆ, ಒಂಬತ್ತು ಪ್ರಶ್ನಾರ್ಥಕ.

ನನ್ನ ಹೆಸರು ಶ್ರೀನಿವಾಸ. ಅಭಿಮಾನದಿಂದ ಅದನ್ನು ಕನ್ನಡದಲ್ಲೇ ಟೈಪ್ ಮಾಡಿದ್ದೆ, ವಿಂಡೋಸ್ ಯೂಸರ್ ಫೋಲ್ಡರಿಗೂ ಅದೇ ಹೆಸರಿಟ್ಟಿತ್ತು. ನಮಗೆ ಅದು ನಾಲ್ಕು ಅಕ್ಷರ. ಕಂಪ್ಯೂಟರಿಗೆ ಒಂಬತ್ತು: ಶ, ಅದನ್ನು ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ರ, ದೀರ್ಘ ಈಕಾರ, ನ, ಗುಡಿಸು, ವ, ಆಕಾರ, ಸ. ವಿಂಡೋಸ್ ಒಳಗೆ ಎಲ್ಲವೂ ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಜಾಗ ಇರೋ ದೊಡ್ಡ ಪಟ್ಟಿ, ಹಾಗಾಗಿ ಅದಕ್ಕೆ ತೊಂದರೆ ಇಲ್ಲ. ಆದರೆ ಹಳೆಯ ಶೈಲಿಯಲ್ಲಿ ಬರೆದ ಪ್ರೋಗ್ರಾಂಗಳು ಕೋಡ್ ಪೇಜ್ ಅನ್ನೋ ಒಂದು ಸಣ್ಣ ಅಕ್ಷರಪಟ್ಟಿಯ ಮೂಲಕ ಹೆಸರು ಕೇಳುತ್ತವೆ. ವಿಂಡೋಸ್‌ನಲ್ಲಿ ಹಾಗೆ ಬಳಸೋ ಪಟ್ಟಿಗಳಲ್ಲಿ ಕನ್ನಡದ್ದು ಇಲ್ಲ. ಪಟ್ಟಿಯಲ್ಲಿ ಸಿಗದ ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನಾರ್ಥಕ ಬೀಳುತ್ತದೆ. ಫೈಲ್ ಹೆಸರಿನಲ್ಲಿ ಪ್ರಶ್ನಾರ್ಥಕ ಇರಬಾರದು ಅನ್ನೋದು ವಿಂಡೋಸ್‌ನದೇ ನಿಯಮ. ಅಲ್ಲಿಗೆ ಆ ಫೋಲ್ಡರ್ ಈ ಲೋಕದಲ್ಲೇ ಇಲ್ಲ. ಅಷ್ಟು ದೊಡ್ಡ ಸಾಫ್ಟ್‌ವೇರಿನಲ್ಲಿ ಲೈಸೆನ್ಸಿಗೆ ಸಂಬಂಧಿಸಿದ ಒಂದು ಪುಟ್ಟ ಹಳೇ ತುಂಡು ಯೂಸರ್ ಫೋಲ್ಡರಿನ ಒಳಗಿರೋ ಟೆಂಪ್ ಫೋಲ್ಡರ್ ಹುಡುಕಿ, ಸಿಗದೆ ಸೋತು ಕೂತಿತ್ತು. ಅದೊಂದಕ್ಕಾಗಿ ಉಳಿದದ್ದೆಲ್ಲ ರೋಲ್‌ಬ್ಯಾಕ್.

ಸೀನಿಯರ್ ಇಂಗ್ಲಿಷ್ ಅಕ್ಷರದಲ್ಲಿ, ಸ್ಪೇಸ್ ಇಲ್ಲದ ಹೆಸರಿನ ಹೊಸ ಲೋಕಲ್ ಅಕೌಂಟ್ ಮಾಡಿ ಅಡ್ಮಿನ್ ಹಕ್ಕು ಕೊಟ್ಟರು. ಅದರಲ್ಲಿ ಲಾಗಿನ್ ಆಗಿ ಸೆಟಪ್ ಒತ್ತಿದೆ. ನಲವತ್ತು ನಿಮಿಷದಲ್ಲಿ ಮುಗಿಯಿತು. ಹೇಳ್ಕೊಳ್ಳೋಕೂ ನಾಚಿಕೆ.

ಸೆಟ್ಟಿಂಗ್ಸ್‌ನಲ್ಲಿ ಹೆಸರು ಬದಲಿಸಿದರೆ ಸಾಕಲ್ಲ ಅಂತ ಯಾರಾದರೂ ಹೇಳಿಯಾರು. ಬದಲಾಗೋದು ತೋರುವ ಹೆಸರು ಮಾತ್ರ, ಫೋಲ್ಡರ್ ಹಳೆಯದೇ ಇರುತ್ತದೆ. ರಿಜಿಸ್ಟ್ರಿಗೆ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ) ಕೈ ಹಾಕಿ ಫೋಲ್ಡರ್ ಹೆಸರು ತಿದ್ದೋ ಸಾಹಸ ಬೇಡವೇ ಬೇಡ. ತಾತ್ಕಾಲಿಕ ಫೈಲ್ ಎಲ್ಲಿಡಬೇಕು ಅಂತ ಹೇಳುವ ಟೆಂಪ್, ಟಿಎಂಪಿ ಎರಡೂ ವೇರಿಯಬಲ್‌ಗಳನ್ನು ಸಿ ಡ್ರೈವ್‌ನಲ್ಲಿ ಒಂದು ಸಾದಾ ಫೋಲ್ಡರಿಗೆ ತಿರುಗಿಸಿದರೆ ಇನ್‌ಸ್ಟಾಲ್ ಆಗಬಹುದು, ಆದರೆ ನಾಳೆ ಸಾಲ್ವರ್ (ಲೆಕ್ಕ ಮಾಡುವ ಭಾಗ) ತನ್ನ ಫೈಲ್‌ಗಳನ್ನು ಯೂಸರ್ ಫೋಲ್ಡರಿನಲ್ಲೇ ಬರೆಯೋಕೆ ಹೋಗಿ ಅಲ್ಲಿ ಬೀಳಬಹುದು. ಹೊಸ ಅಕೌಂಟೇ ವಾಸಿ.

ನಿಮ್ಮದೂ ಇದೇ ಅಂತ ನಾನು ಹೇಳ್ತಿಲ್ಲ. 1603 ಅಂದರೆ ಜ್ವರ ಇದ್ದ ಹಾಗೆ, ಇನ್‌ಸ್ಟಾಲ್ ಆಗುವಾಗ ಏನೋ ಮಾರಕವಾದದ್ದು ಆಯಿತು ಅನ್ನೋದಷ್ಟೇ ಅದರ ಅರ್ಥ. 1618 ಬಂದಿದ್ದರೆ ಬೇರೊಂದು ಇನ್‌ಸ್ಟಾಲ್ ನಡೀತಿದೆ ಅಂತ ತಿಳಿಯುತ್ತಿತ್ತು. 3010 ಬಂದಿದ್ದರೆ ಎಲ್ಲ ಸರಿಯಾಗಿದೆ, ರೀಸ್ಟಾರ್ಟ್ ಮಾಡಿ ಅಂತ. ನಿಮಗೆ ಬಂದಿರೋದು ಏನನ್ನೂ ಹೇಳದ ನಂಬರ್. ಜಿಪ್ ಫೈಲಿನ ಒಳಗಿನಿಂದಲೇ ಸೆಟಪ್ ಓಡಿಸಿರಬಹುದು. ಫೋಲ್ಡರಿನೊಳಗೆ ಫೋಲ್ಡರ್ ಅಂತ ಹೋಗಿ ಪಾತ್ 260 ಅಕ್ಷರ ದಾಟಿರಬಹುದು. ಡೌನ್‌ಲೋಡೇ ಅರ್ಧಂಬರ್ಧ ಆಗಿರಬಹುದು. ಹೊಸ ಲ್ಯಾಪ್‌ಟಾಪ್ ಇವುಗಳಲ್ಲಿ ಯಾವುದಕ್ಕೂ ಮದ್ದಲ್ಲ, ಅಂಗಡಿಯಿಂದ ತಂದ ಮೇಲೂ ಹೆಸರು ಕೇಳಿದಾಗ ಟೈಪ್ ಮಾಡೋರು ನೀವೇ ತಾನೆ.

ಇವತ್ತು ರಾತ್ರಿ ಫಾರ್ಮ್ಯಾಟ್ ಮಾಡ್ತೀನಿ ಅಂತ ಬರೆದಿದ್ದೀರಿ. ಮೊದಲು ಟೆಂಪ್ ಫೋಲ್ಡರಿನ ಆ ಲಾಗ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಮೊದಲ ರಿಟರ್ನ್ ವ್ಯಾಲ್ಯೂ 3ರ ಮೇಲಿನ ಇಪ್ಪತ್ತು ಸಾಲನ್ನು, ಲೈಸೆನ್ಸ್ ನಂಬರ್ ಅಳಿಸಿ, ಇಲ್ಲೇ ಕೆಳಗೆ ಹಾಕಿ. ನಾನು ನೋಡುತ್ತೇನೆ.