ಸಮುದ್ರದ ಗಾಳಿ ಫ್ಯಾನ್‌ಗಳಿಂದ ವರ್ಷಕ್ಕೆ ಎಷ್ಟು ಕಡಲ ಹಕ್ಕಿಗಳು ಸಾಯುತ್ತವೆ?

ಎಷ್ಟು ಸತ್ತವು ಅಂತ ಕೇಳ್ತಿದ್ದೀರಿ. ಅದೇ ಲೆಕ್ಕದ ಹಿಂದೆ ಬಿದ್ದು ಕೈ ಸುಟ್ಟುಕೊಂಡವನು ನಾನು.

ನಮ್ಮ ಯಲಬುರ್ಗಾ ಕಡೆ ಎರೆ ಹೊಲಗಳ ನಡುವೆ ಕರೆಂಟ್ ತಯಾರಿಸುವ ಗಾಳಿ ಫ್ಯಾನ್‌ಗಳ ಸಾಲೇ ಇದೆ. ಅವುಗಳ ಬುಡದಲ್ಲಿ ಸತ್ತ ಹಕ್ಕಿ ಹುಡುಕಿ ಬರೆದುಕೊಡುವ ಕೆಲಸ ಒಂದು ಸರ್ವೆಯವರಿಂದ ಸಿಕ್ಕಿತ್ತು. ರೊಟ್ಟಿ ತಿಂದು, ಹೊತ್ತೇರಿದ ಮೇಲೆ ಹೋಗುತ್ತಿದ್ದೆ. ಏನೂ ಸಿಗುತ್ತಿರಲಿಲ್ಲ. ಫಾರಂ ತುಂಬ ಸೊನ್ನೆ. ಸರ್ವೆ ಸಾಹೇಬರಿಗೆ ಅನುಮಾನ ಬಂತು. ನನಗೆ ಹೇಳದೆ ರಾತ್ರಿ ಸತ್ತ ಕೋಳಿಮರಿಗಳನ್ನು ಅಲ್ಲಲ್ಲಿ ಇಡಿಸಿದರು. ಮರುದಿನ ನನಗೆ ಅರ್ಧವೂ ಸಿಗಲಿಲ್ಲ. ಕೆಲವನ್ನು ನಾಯಿಗಳು ನಸುಕಿಗೇ ಎತ್ತಿಕೊಂಡು ಹೋಗಿದ್ದವು, ಮಣ್ಣಿನಲ್ಲಿ ಹೆಜ್ಜೆ ಹಸಿಯಾಗಿಯೇ ಇದ್ದವು. ಕೆಲವು ಕಡಲೆ ಗಿಡದ ಅಡಿ ಬಿದ್ದಿದ್ದವು, ನಾನು ಪಕ್ಕದಲ್ಲೇ ದಾಟಿ ಬಂದಿದ್ದೆ. ತಡವಾಗಿ ಹೋದದ್ದು ಒಂದು ತಪ್ಪು, ಆದರೆ ಅದು ಸಣ್ಣದು. ಕಣ್ಣಿಗೆ ಬೀಳದ್ದನ್ನೆಲ್ಲ ಸೊನ್ನೆ ಅಂತ ಬರೆದೆನಲ್ಲ, ಅದೇ ದೊಡ್ಡದು. ಹೆಣ ಎಷ್ಟು ದಿನ ಉಳಿಯುತ್ತದೆ, ಹುಡುಕುವವನಿಗೆ ನೂರಕ್ಕೆ ಎಷ್ಟು ಕಾಣುತ್ತದೆ ಅಂತ ಮೊದಲು ಪರೀಕ್ಷೆ ಮಾಡಬೇಕು. ಸಿಕ್ಕ ಸಂಖ್ಯೆಯನ್ನು ಆ ಪ್ರಕಾರ ಏರಿಸಬೇಕು. ನನ್ನ ಇಡೀ ಹಂಗಾಮಿನ ಫಾರಂ ಕಸದ ಬುಟ್ಟಿಗೆ ಹೋಯಿತು. ಬಾಕಿ ದುಡ್ಡೂ ಬರಲಿಲ್ಲ.

ಸಮುದ್ರದಲ್ಲಂತೂ ಬಿದ್ದ ಹಕ್ಕಿ ಅಲೆಯ ಪಾಲು. ಹುಡುಕೋಕೆ ಬುಡದಲ್ಲಿ ನೆಲವೇ ಇಲ್ಲ. ಅದಕ್ಕೇ ಫ್ಯಾನಿನ ರೆಕ್ಕೆ ತಿರುಗುವ ಎತ್ತರದಲ್ಲಿ ಎಷ್ಟು ಹಕ್ಕಿ ಹಾರುತ್ತವೆ ಅಂತ ರೇಡಾರ್, ಕ್ಯಾಮೆರಾದಲ್ಲಿ ನೋಡಿ ಅಂದಾಜು ಕಟ್ಟುತ್ತಾರೆ. ಖಡಾಖಂಡಿತ ಸಂಖ್ಯೆ ಹೇಳುವವರನ್ನು ನಂಬಬೇಡಿ.

ಇಷ್ಟಕ್ಕೂ ಸಾವನ್ನೇ ಯಾಕೆ ಎಣಿಸಬೇಕು? ಯುರೋಪಿನ ಉತ್ತರ ಸಮುದ್ರದಲ್ಲಿ ಕೆಂಪು ಕೊರಳಿನ ಡೈವರ್ ಅಂತ ಒಂದು ಹಕ್ಕಿ, ನೀರಿಗೆ ಮುಳುಗಿ ಮೀನು ಹಿಡಿಯುತ್ತದೆ. ಜರ್ಮನಿಯ ಕಡಲಲ್ಲಿ ಫ್ಯಾನ್‌ಗಳು ಎದ್ದ ಮೇಲೆ ಸುತ್ತ 10 ಕಿಲೋಮೀಟರ್‌ವರೆಗೂ ಅದರ ಸಂಖ್ಯೆ ಇಳಿದಿದೆ. ರೆಕ್ಕೆಗೆ ಬಡಿದು ಸತ್ತದ್ದಲ್ಲ, ಜಾಗ ಬಿಟ್ಟು ಹೋದದ್ದು. ಹೆಣದ ಲೆಕ್ಕದಲ್ಲಿ ಇದು ಬರೋದೇ ಇಲ್ಲ, ಅಲ್ವಾ? ನೀರುಕಾಗೆಯದು ಉಲ್ಟಾ. ಅದು ರೆಕ್ಕೆ ಒಣಗಿಸೋಕೆ ಕಂಬದ ಬುಡದ ಕಟ್ಟೆಗೇ ಬಂದು ಕೂರುತ್ತದೆ.

ನಮ್ಮಲ್ಲಿ ಗುಜರಾತ್, ತಮಿಳುನಾಡಿನ ಕಡಲಿಗೆ ಇಂಥ ಫ್ಯಾನ್ ತರುವ ಯೋಜನೆ ಇದೆ. ಕಟ್ಟುವ ಮೊದಲೇ ಅಲ್ಲಿ ಯಾವ ಹಕ್ಕಿ ಎಷ್ಟಿವೆ ಎಂಬ ಪಟ್ಟಿ ಕೇಳಿ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 2 ವರ್ಷ, ತಿಂಗಳಿಗೊಮ್ಮೆ ವಿಮಾನದಿಂದ ಫೋಟೊ ತೆಗೆದು ಎಣಿಸುತ್ತಾರೆ. ಒಂದೇ ಒಂದು ಸಲ ದೋಣಿಯಲ್ಲಿ ಸುತ್ತಿ ಬಂದ ವರದಿ ಕೈಗಿಟ್ಟರೆ ವಾಪಸ್ ಕೊಟ್ಟುಬಿಡಿ.