ದೀಪಾವಳಿಗೆ ಕಂಬಳಿ ಕೊಟ್ಟರೆ ಬೀಗರು ಏನಂದುಕೊಳ್ತಾರೆ?

ಹೋದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ. ಹಬ್ಬಕ್ಕೆ ಅದೇ ಡ್ರೈಫ್ರೂಟ್ ಡಬ್ಬಿ ಯಾಕೆ, ಕುರಿ ಸಾಕುವವರ ಮನೆಯಿಂದ ಬಂದದ್ದು ಏನಾದರೂ ಕೊಡಿ ಅಂತ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಪೂರ್ತಿ ಕುರಿಯದ್ದೇ ಮಾತು.

ಪ್ರಶ್ನೆ: ಅಕ್ಕಾ, ಮಗಳ ಮದುವೆಯಾದ ಮೇಲೆ ಇದು ಮೊದಲ ದೀಪಾವಳಿ. ಬೀಗರು ಪುಣೆಯವರೇ, ಮರಾಠಿ ಮಂದಿ. ನಮ್ಮೂರು ಜಮಖಂಡಿ ಕಡೆ. ಅಲ್ಲಿಂದ ಒಂದು ಕರಿ ಕಂಬಳಿ ತರಿಸಿ ಕೊಡಬೇಕು ಅಂತ ನನ್ನಾಸೆ. ಮಗಳು ‘ಅದು ಚುಚ್ಚುತ್ತೆ ಅಮ್ಮಾ, ಮರ್ಯಾದೆ ಹೋಗುತ್ತೆ’ ಅಂತಾಳೆ. ಏನು ಮಾಡಲಿ? (ಓದುಗರು, ಚಿಂಚವಡ)

ಉತ್ತರ: ಮಗಳು ಹೇಳಿದ್ದು ಅರ್ಧ ನಿಜ. ಚುಚ್ಚುತ್ತದೆ. ಮರ್ಯಾದೆ ಮಾತ್ರ ಎಲ್ಲೂ ಹೋಗುವುದಿಲ್ಲ.

ಕಂಬಳಿ ಮೇಲೆ ಕೂತು ಊಟ ಮಾಡುತ್ತಾ ಕೂದಲು ಆರಿಸಿದ ಹಾಗೆ ಅಂತ ನಮ್ಮಲ್ಲಿ ಗಾದೆಯೇ ಇದೆಯಲ್ವಾ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಮೆರಿನೊ ಅನ್ನೋ ನಯವಾದ ಕುರಿ ಉಣ್ಣೆಯ ಎಳೆ 20 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸು ಇದ್ದರೆ ಇದು ಹೆಚ್ಚುಕಡಿಮೆ ಅದರ ಎರಡರಷ್ಟು ದಪ್ಪ, ಅದಕ್ಕೇ ಬರೀ ಮೈಗೆ ತಾಗಿದರೆ ಕಿರಿಕಿರಿ. ಆದರೆ ಕಂಬಳಿಯನ್ನು ಯಾರು ಬರೀ ಮೈಗೆ ಹೊದೆಯುತ್ತಾರೆ ಹೇಳಿ? ಕೂರುವುದಕ್ಕೆ, ಹಾಸಿಗೆ ಕೆಳಗೆ ಹಾಸುವುದಕ್ಕೆ, ಚಳಿ ಜಾಸ್ತಿಯಾದರೆ ದುಪ್ಪಟಿ ಮೇಲೆ ಇನ್ನೊಂದು ಪದರ ಹೊದೆಯುವುದಕ್ಕೆ ಅದು. ಮುಂಚೆ ಮಳೆಗಾಲದಲ್ಲಿ ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ.

ಇನ್ನು ಬೀಗರ ವಿಷಯ. ಅವರ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ನಿಮ್ಮ ಕಂಬಳಿ ನೋಡಿದ ಕೂಡಲೇ ‘ಘೊಂಗಡಿ!’ ಅನ್ನುತ್ತಾರೆ, ನೋಡುತ್ತಿರಿ. ಇಲ್ಲಿನ ಧನಗರರೂ ನಮ್ಮ ಕಡೆಯ ಕುರುಬರೂ ಸಾಕುವುದು ಇದೇ ಜಾತಿ ಕುರಿ. ಹೆಸರು ಬೇರೆ, ವಸ್ತು ಒಂದೇ. ಆ ಮನೆಯಲ್ಲಿ ವಾರಿಗೆ, ಅಂದರೆ ಪಂಢರಪುರದ ಪಾದಯಾತ್ರೆಗೆ, ಹೋಗಿ ಬಂದವರಿದ್ದರಂತೂ ಮಾತು ತಾನಾಗಿಯೇ ಬೆಳೆಯುತ್ತದೆ. ತುಕಾರಾಮರ ಪಾಲಖಿ ಬಾರಾಮತಿ ಹತ್ತಿರದ ಕಾಟೇವಾಡಿಗೆ ಬಂದಾಗ ಧನಗರರು ತಮ್ಮ ಕುರಿ ಹಿಂಡನ್ನೇ ಪಲ್ಲಕ್ಕಿ ಸುತ್ತ ಓಡಿಸುತ್ತಾರೆ. ಕುರಿಗಳ ರಿಂಗಣ ಅಂತಾರೆ ಅದಕ್ಕೆ.

ಒಂದು ಮಾತು ಮೊದಲೇ ಹೇಳಿಬಿಡಿ. ಹೊಸ ಕಂಬಳಿ ಹಲಗೆ ಥರ ಸೆಟೆದುಕೊಂಡಿರುತ್ತದೆ, ಸ್ವಲ್ಪ ಹುಳಿ ವಾಸನೆಯೂ ಇರುತ್ತದೆ. ಅದು ಹುಣಸೆ ಬೀಜದ ಗಂಜಿ. ನನ್ನ ತವರಿನ ಓಣಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಹಾಸು ನೂಲನ್ನು ರಸ್ತೆಯುದ್ದಕ್ಕೂ ಎಳೆದು ಕಟ್ಟುತ್ತಿದ್ದರು. ಬೀಜ ನೆನೆಹಾಕಿ, ಅರೆದು, ಕುದಿಸಿದ ಆ ಅಂಟಂಟು ಗಂಜಿಯನ್ನು ಕುಂಚದಿಂದ ಸವರುತ್ತಿದ್ದರು. ನಾವು ಶಾಲೆಗೆ ಹೋಗುವಾಗ ಅದರ ಕೆಳಗೆ ನುಸುಳಿಕೊಂಡು ಹೋಗಬೇಕು, ತಲೆಗೆ ತಾಗಿದರೆ ಬೈಗುಳ. ಗಂಜಿ ಹಾಕದಿದ್ದರೆ ಮಗ್ಗದ ಮೇಲೆ ನೂಲು ತುಂಡಾಗುತ್ತಲೇ ಇರುತ್ತದೆ, ಅದಕ್ಕೆ ಅಷ್ಟು ಕಷ್ಟ. ನಾಲ್ಕು ದಿನ ಬಿಸಿಲಿಗೆ ಹಾಕಿ, ಒಂದು ಸಲ ತಣ್ಣೀರಲ್ಲಿ ಅದ್ದಿ ತೆಗೆದರೆ ವಾಸನೆ ಹೋಗುತ್ತದೆ. ಬಳಸುತ್ತಾ ಬಳಸುತ್ತಾ ಮೆತ್ತಗೂ ಆಗುತ್ತದೆ.

ಮಗಳಿಗೆ ಈ ಲೆಕ್ಕವನ್ನೂ ಹೇಳಿ. ಒಂದು ಕುರಿಯಿಂದ ವರ್ಷಕ್ಕೆ ಸಿಗುವ ಉಣ್ಣೆ ಅರ್ಧ ಕಿಲೋ ಸುತ್ತಮುತ್ತ. ಎರಡು ಕಿಲೋದ ಕಂಬಳಿ ಅಂದರೆ ನಾಲ್ಕು ಕುರಿಗಳ ಒಂದು ವರ್ಷದ ಕೂದಲು. ಮೇಲಾಗಿ ಉಣ್ಣೆ ಕುರಿಯೇ ಈಗ ಕಡಿಮೆಯಾಗುತ್ತಿದೆ. ಉಣ್ಣೆಗೆ ಬೆಲೆ ಇಲ್ಲ, ಮಾಂಸಕ್ಕೆ ಇದೆ. ಹಾಗಾಗಿ ಜತ್ತ ತಾಲೂಕಿನ ಮಾಡಗ್ಯಾಳ ಜಾತಿಯಂಥ ಎತ್ತರದ, ಬಾಗಿದ ಮೂಗಿನ ಕುರಿ ಸಾಕುವವರು ಜಾಸ್ತಿಯಾದರು. ಅದರ ಮೈಮೇಲೆ ಕತ್ತರಿಸುವಷ್ಟು ಉಣ್ಣೆಯೇ ಇರುವುದಿಲ್ಲ. ಇನ್ನು ಹತ್ತಿಪ್ಪತ್ತು ವರ್ಷಕ್ಕೆ ನಿಮ್ಮ ಮೊಮ್ಮಗಳಿಗೆ ಬೇಕು ಅಂದರೆ ಸಿಗುತ್ತೋ ಇಲ್ಲವೋ. ಕೊಟ್ಟುಬಿಡಿ.

ಪ್ರಶ್ನೆ: ಎಗ್ಸಿಬಿಷನ್ನಿನಲ್ಲಿ ‘ಶುದ್ಧ ಉಣ್ಣೆ, ರೈತರಿಂದ ನೇರ’ ಅಂತ ಬೋರ್ಡ್ ಹಾಕಿ 600 ರೂಪಾಯಿಗೆ ಶಾಲು ಮಾರುತ್ತಿದ್ದರು. ಆಫೀಸಿನವರಿಗೆ ಹತ್ತು ಕೊಳ್ಳಲೇ? (ಓದುಗರು, ಮಾಟುಂಗಾ)

ಉತ್ತರ: ಒಂದು ಕೊಳ್ಳಿ. ಅಂಚಿನಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಗ್ಯಾಸ್ ಒಲೆಯ ಉರಿಗೆ ತೋರಿಸಿ. ನಿಜವಾದ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉರಿಯಿಂದ ಆಚೆ ತಂದರೆ ತಾನೇ ಆರುತ್ತದೆ, ಉಳಿದ ಬೂದಿಯನ್ನು ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ, ಗಟ್ಟಿ ಮಣಿಯಾಗಿ ಅಂಟಿಕೊಳ್ಳುತ್ತದೆ. ನಾನೂ ಒಮ್ಮೆ ಹೀಗೇ ಬೋರ್ಡ್ ನಂಬಿ ಮೂರು ಶಾಲು ತಂದು, ಒಂದನ್ನು ನಾದಿನಿಗೆ ಕೊಟ್ಟೂ ಬಿಟ್ಟಿದ್ದೆ. ಆಮೇಲೆ ಸುಟ್ಟು ನೋಡಿದರೆ ಕರಿ ಮಣಿ! ನಾದಿನಿಗೆ ಇವತ್ತಿಗೂ ಹೇಳಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ, ಆಗಲಿ.

ಕೈಯಲ್ಲಿ ನೂತು ಕುಣಿಮಗ್ಗದಲ್ಲಿ ನೇಯ್ದದ್ದು 600ಕ್ಕೆ ಬರುವುದಿಲ್ಲ. ಕುರಿಯ ಉಣ್ಣೆ ಕತ್ತರಿಸುವವರು, ಹಿಂಜುವವರು, ನೂಲುವವರು, ನೇಯುವವರು, ಎಷ್ಟು ಕೈ ಇವೆ ಅಂತ ಎಣಿಸಿ ನೋಡಿ. ಮಾರುವವರನ್ನು ಸುಮ್ನೆ ಎರಡು ಪ್ರಶ್ನೆ ಕೇಳಿ: ಉಣ್ಣೆ ಯಾವ ಊರಿನದು, ನೂತದ್ದು ಯಾರು? ನಿಜವಾದ ಮಂದಿ ‘ನಮ್ಮವ್ವ ನೂಲತಾಳ್ರಿ’ ಅಂತ ಶುರು ಮಾಡಿದರೆ ನಿಲ್ಲಿಸುವುದೇ ಇಲ್ಲ. ಮುಂಬೈಯ ಮಹಾಲಕ್ಷ್ಮಿ ಸರಸ್, ಪುಣೆಯ ಭೀಮಥಡಿ ಜಾತ್ರೆ ಇಂಥ ಮೇಳಗಳಲ್ಲಿ ಸ್ವಸಹಾಯ ಸಂಘದವರು ತಾವೇ ಬಂದು ಕೂತಿರುತ್ತಾರೆ, ಅಲ್ಲಿ ಹುಡುಕಿ. ಊರಿಗೆ ಹೋದಾಗಲಾದರೆ ಚಳ್ಳಕೆರೆ, ರಾಣೆಬೆನ್ನೂರು ಹತ್ತಿರದ ಮೇಡ್ಲೇರಿ. ಆಫೀಸಿನ ಹತ್ತು ಜನಕ್ಕೆ ಶಾಲೇ ಬೇಕು ಅಂತಿಲ್ಲ. ಕೂರುವ ಸಣ್ಣ ಆಸನ ಸಾಕು. ದಿನವಿಡೀ ಕುರ್ಚಿಯಲ್ಲೇ ಇರುವವರಿಗೆ ಅದೇ ಜಾಸ್ತಿ ಉಪಯೋಗ.

ಮೆತ್ತಗಿನ ಶಾಲೇ ಬೇಕೆಂದರೆ ಹಿಮಾಚಲದ ಕಡೆಯದು ನೋಡಿ. ಪಶ್ಮಿನಾ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ, ಅದು ಮೇಕೆಯದು.

ಪ್ರಶ್ನೆ: ನಮ್ಮತ್ತೆ ಶುದ್ಧ ಸಸ್ಯಾಹಾರಿ. ಉಣ್ಣೆ ಆಸನ ಕೊಟ್ಟರೆ ‘ಕುರಿ ಕೊಂದು ತೆಗೆದದ್ದಾ?’ ಅಂತ ಕೇಳುತ್ತಾರೆ. ಏನು ಹೇಳಲಿ? (ಓದುಗರು, ಕೋಥರೂಡ)

ಉತ್ತರ: ನಮ್ಮ ಕುರುಬರು ಉಣ್ಣೆ ತೆಗೆಯುವುದು ಬದುಕಿರುವ ಕುರಿಯ ಕೂದಲು ಕತ್ತರಿಸಿ. ಕ್ಷೌರ ಇದ್ದ ಹಾಗೆ. ಆದರೆ ಸುಳ್ಳು ಹೇಳಬೇಡಿ, ಆ ಕುರಿ ಕಡೆಗೆ ಮಾಂಸಕ್ಕೇ ಹೋಗುತ್ತದೆ, ಸಾಕುವವರ ಸಂಸಾರ ನಡೆಯುವುದು ಅದರಿಂದಲೇ. ಅಷ್ಟೂ ಹೇಳಿ, ತೀರ್ಮಾನ ಅತ್ತೆಗೆ ಬಿಡಿ. ಬೇಡ ಅಂದರೆ ಆಸನ ನೀವೇ ಇಟ್ಟುಕೊಳ್ಳಿ. ಅಂದಹಾಗೆ, ತುಟಿಗೆ ಹಚ್ಚುವ ಮುಲಾಮಿನ ಡಬ್ಬಿ ಮೇಲೆ ಲ್ಯಾನೊಲಿನ್ ಅಂತ ಬರೆದಿದ್ದರೆ ಅದೂ ಉಣ್ಣೆ ತೊಳೆದಾಗ ಬರುವ ಜಿಡ್ಡೇ. ಇದನ್ನು ಅತ್ತೆಗೆ ಹೇಳಬೇಕಾ ಬೇಡವಾ ಅನ್ನೋದು ನಿಮಗೆ ಬಿಟ್ಟದ್ದು.

ಪ್ರಶ್ನೆ: ಪಕ್ಕದ ಮನೆಯವರು ಪ್ರತಿ ಕ್ರಿಸ್‌ಮಸ್‌ಗೆ ತಟ್ಟೆ ತುಂಬ ದೋದೋಲ್, ನೆವ್ರಿ ಅಂತ ಗೋವಾದ ಸಿಹಿತಿಂಡಿ ಕಳಿಸುತ್ತಾರೆ. ಈ ಸಲ ನಾವೂ ಏನಾದರೂ ವಿಶೇಷ ಕೊಡಬೇಕು. ಕುರಿ ಹಾಲಿನ ಚೀಸ್ ಸಿಗುತ್ತದಾ? ಕಂಬಳಿಯಂತೂ ಗೋವಾದಲ್ಲಿ ಬೇಡ! (ಓದುಗರು, ವಾಸ್ಕೊ)

ಉತ್ತರ: ಕಂಬಳಿ ಬೇಡ, ಒಪ್ಪಿದೆ. ಚೀಸ್ ಕೂಡ ನಾನಾದರೆ ಬಿಡುತ್ತೇನೆ. ಅಂಗಡಿಯಲ್ಲಿ ಫೆಟಾ ಅನ್ನೋ ಚೀಸ್ ಸಿಗುತ್ತದೆ, ಯುರೋಪಿನ ನಿಯಮದಂತೆ ಅಸಲಿ ಫೆಟಾ ಗ್ರೀಸಿನದೇ ಆಗಬೇಕು, ಅದರಲ್ಲಿ ಕನಿಷ್ಠ ಶೇಕಡಾ 70 ಕುರಿ ಹಾಲು ಇರಲೇಬೇಕು. ಬರೀ ಫೆಟಾ ಅಂತ ಹೆಸರಿಟ್ಟು ಹಸುವಿನ ಹಾಲಿನದನ್ನು ಮಾರುವವರೂ ಇದ್ದಾರೆ, ಚೀಟಿ ಓದಿ. ನಮ್ಮ ಕಡೆ ಕುರಿ ಹಾಲು ಮರಿಗಳಿಗೇ ಹೋಗುತ್ತದೆ, ಉಳಿದ ಸ್ವಲ್ಪ ಕುರುಬರ ಚಹಾಕ್ಕೆ. ಆ ಚಹಾ ಕುಡಿದವರಿಗೆ ಗೊತ್ತು, ಎಷ್ಟು ಗಟ್ಟಿ ಅಂತ!

ನನ್ನ ಸಲಹೆ ಬೇರೆ. ಆ ಮನೆಯಲ್ಲಿ ಕ್ರಿಸ್‌ಮಸ್‌ಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಮಾದರಿ) ಮಾಡುತ್ತಾರಲ್ವಾ? ಅದರಲ್ಲಿಡಲು ಉಣ್ಣೆಯ ಕುರಿಮರಿಗಳನ್ನು ಮಾಡಿ ಕೊಡಿ. ಕುರಿ ಸಾಕುವವರಿಂದ ಅರ್ಧ ಕಿಲೋ ಹಿಂಜಿದ ಉಣ್ಣೆ ಕೊಂಡರೆ ಒಂದು ಹಿಂಡೇ ಆಗುತ್ತದೆ. ನಿಂಬೆಹಣ್ಣಿನಷ್ಟು ಉಣ್ಣೆ ತಗೊಳ್ಳಿ, ಬಿಸಿನೀರಲ್ಲಿ ಅದ್ದಿ, ಸೋಪು ಹಚ್ಚಿ, ಅಂಗೈಯಲ್ಲಿ ಉಂಡೆ ಕಟ್ಟಿದ ಹಾಗೆ ಹೊರಳಿಸಿ. ಮೊದಲು ಮೆಲ್ಲಗೆ. ಐದು ನಿಮಿಷ ಏನೂ ಆಗದು, ಜಾರುತ್ತಿರುತ್ತದೆ, ಇದು ಆಗೋ ಕೆಲಸ ಅಲ್ಲ ಅನಿಸುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಕೈಯೊಳಗೆ ಗಟ್ಟಿಯಾಗುತ್ತಾ ಬರುತ್ತದೆ. ಉಣ್ಣೆಯ ಎಳೆ ಮೇಲೆ ಮೀನಿನ ಹುರುಪೆಯಂಥ ಸಣ್ಣ ಹುರುಪೆಗಳಿರುತ್ತವೆ, ಬಿಸಿ ಮತ್ತು ತಿಕ್ಕಾಟಕ್ಕೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡಲೊಲ್ಲವು. ಒಣಗಿದ ಮೇಲೆ ಕಾಲಿಗೆ ನಾಲ್ಕು ಲವಂಗ ಚುಚ್ಚಿ. ಮಕ್ಕಳ ಕೈಗೆ ಕೊಟ್ಟರೆ ಒಂದು ಭಾನುವಾರ ಮನೆ ಶಾಂತ.

ಪ್ರಶ್ನೆ: ನನ್ನ ಅಣ್ಣನಿಗೆ ಬಾಲ್ಕನಿ ತೋಟದ ಹುಚ್ಚು. ಅವನಿಗೆ ಕುರಿಯಿಂದ ಏನು ಕೊಡಲಿ? (ಓದುಗರು, ಡೊಂಬಿವಲಿ)

ಉತ್ತರ: ಹಿಕ್ಕೆ! ನಗಬೇಡಿ. ಹೊಲದಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸುವುದಕ್ಕೆ ರೈತರು ಕುರುಬರಿಗೆ ದುಡ್ಡೋ ಕಾಳೋ ಕೊಡುತ್ತಾರೆ, ಅಷ್ಟು ಬೆಲೆ ಅದಕ್ಕೆ. ಒಣಗಿದ ಹಿಕ್ಕೆಯನ್ನು ಪುಡಿ ಮಾಡಿ, ಚೆಂದದ ಬಟ್ಟೆ ಚೀಲದಲ್ಲಿ ಕಟ್ಟಿ, ಕುಂಡಕ್ಕೆ ಒಂದು ಹಿಡಿ ಅಂತ ಚೀಟಿ ಬರೆದು ಕೊಡಿ. ಜೊತೆಗೆ ನೂಲಲು ಬಾರದ ಕೊಳಕು ಉಣ್ಣೆ ಸಿಕ್ಕರೆ ಅದನ್ನೂ ಇಡಿ. ಕುಂಡದ ಮಣ್ಣಿನ ಮೇಲೆ ಹರಡಿದರೆ ತೇವ ಬೇಗ ಆರುವುದಿಲ್ಲ, ನಿಧಾನಕ್ಕೆ ಕೊಳೆತು ಸಾರಜನಕವನ್ನೂ ಕೊಡುತ್ತದೆ. ಲೋಕಲ್ ಟ್ರೈನಿನಲ್ಲಿ ಒಯ್ಯುವಾಗ ಮಾತ್ರ ಚೀಲದ ಬಾಯಿ ಗಟ್ಟಿ ಕಟ್ಟಿ.

ಪ್ರಶ್ನೆ: ಅಜ್ಜಿ ಕೊಟ್ಟ ಕಂಬಳಿಯನ್ನು ವಾಷಿಂಗ್ ಮೆಷಿನ್‌ಗೆ ಹಾಕಬಹುದಾ? ಹುಳ ಬೇರೆ ಹಿಡಿದಿದೆ. (ಓದುಗರು, ಪಣಜಿ)

ಉತ್ತರ: ಬೇಡವೇ ಬೇಡ. ಬಿಸಿನೀರು, ಸೋಪು, ತಿಕ್ಕಾಟ: ಮೇಲೆ ಕುರಿಮರಿ ಮಾಡಿದ್ದೂ ಹೀಗೇ ಅಲ್ವಾ? ನಾನು ಹೀಗೆ ಮಾಡಿ ಯಜಮಾನರ ಸ್ವೆಟರು ಗೊಂಬೆಗೆ ಹಾಕುವಷ್ಟಾಗಿತ್ತು. ಮೊದಲು ಕಡು ಬಿಸಿಲಿಗೆ ಹಾಕಿ, ಕೋಲಲ್ಲಿ ಬಡಿಯಿರಿ, ಮಡಿಕೆ ಬಿಡಿಸಿ ಎರಡೂ ಕಡೆ. ಹುಳದ ಮೊಟ್ಟೆ ಮಡಿಕೆಯಲ್ಲೇ ಇರುತ್ತದೆ. ಆಮೇಲೆ ಟಬ್ಬಿನಲ್ಲಿ ತಣ್ಣೀರು, ಸ್ವಲ್ಪ ಅಂಟುವಾಳ ನೊರೆ, ಅದ್ದಿ ಎತ್ತಿ, ಹಿಂಡದೆ ನೆರಳಲ್ಲಿ ಹಾಸಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಒಣ ಬೇವಿನ ಎಲೆಯೋ ಲಕ್ಕಿ ಸೊಪ್ಪೋ ನಡುವೆ ಇಟ್ಟು, ಹಳೆ ಕಾಟನ್ ಸೀರೆಯಲ್ಲಿ ಸುತ್ತಿಡಿ. ಗೋವಾದ ಮಳೆಗಾಲಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಬೂಸಲು ಗ್ಯಾರಂಟಿ.